ನೀಲಿ ಅರಗಿನ ಬಾಟಲಿ

ಪ್ರಯೋಗಾಲಯ
ಭಾನುವಾರ, ಮಧ್ಯಾಹ್ನ

ನನ್ನ ಹುಳದಕ್ಕನಿಗೆ,

ಮೊದಲು ನಿನ್ನ ಬಸವನಹುಳಗಳ ಕ್ಷೇಮ ಸಮಾಚಾರ. ಕಿಟಕಿ ಪಕ್ಕದ ಗಾಜಿನ ಪೆಟ್ಟಿಗೆಯಲ್ಲಿ ಎಲ್ಲವೂ ಚಿಪ್ಪಿನ ಬಾಯಿ ಮುಚ್ಚಿಕೊಂಡು ಕೂತಿವೆ. ನೀನು ಹೇಳಿಕೊಟ್ಟ ಹಾಗೆ ದಿನಾ ಬೆಳಿಗ್ಗೆ ನೀರು ಚಿಮುಕಿಸುತ್ತಿದ್ದೇನೆ. ನಿನ್ನ ಮೇಜು ಹಾಗೇ ಇದೆ. ಅದರ ಮೇಲೆ ನಾನು ಏನನ್ನೂ ಇಡುವುದಿಲ್ಲ.

ನೀನು ಹೋದ ಮೇಲೆ ಈ ಪತ್ರವನ್ನು ಎಷ್ಟೋ ಸಲ ಶುರುಮಾಡಿ ಹರಿದುಹಾಕಿದೆ. ಪ್ರತಿ ಸಲವೂ ಅದು ಕರಪತ್ರವಾಗಿಬಿಡುತ್ತಿತ್ತು. ‘ಕರಪತ್ರ’ ಅಂತ ನೀನಿಟ್ಟ ಅಡ್ಡಹೆಸರು ಸುಮ್ಮನೆ ಅಂಟಿಕೊಂಡಿಲ್ಲ ನೋಡು.

ಬಾಟಲಿಯಿಂದಲೇ ಶುರುಮಾಡುತ್ತೇನೆ. ನಿನ್ನ ಮಹಾಪ್ರಬಂಧ ಮುಗಿದಾಗ, ಕರಡು ಓದಿಕೊಟ್ಟ ನಮಗೆಲ್ಲ ನೀನು ಒಂದೊಂದು ಮದ್ಯದ ಬಾಟಲಿ ಕೊಟ್ಟೆ. ವಿಭಾಗದ ಪದ್ಧತಿ: ಓದಿದವರಿಗೆ ಬಾಟಲಿ, ಪರೀಕ್ಷಕರಿಗೆ ದೊಡ್ಡ ಬಾಟಲಿ, ಮುಖ್ಯಸ್ಥರಿಗೆ ಹಳೆಯ ಬಾಟಲಿ. ನನ್ನದು ಕುತ್ತಿಗೆಗೆ ನೀಲಿ ಅರಗು ಹಾಕಿ ಮುಚ್ಚಿದ್ದು. ನಾನೋ, ಸಿಕ್ಕ ಸಿಕ್ಕ ಕಿರುಹೊತ್ತಿಗೆಗಳನ್ನೆಲ್ಲ ಓದಿ, ನನ್ನದೂ ಒಂದು ಅಚ್ಚು ಹಾಕಿಸಿ, ಕಾರಿಡಾರಿನಲ್ಲಿ ಹಂಚುತ್ತಿದ್ದೆ. ಬಾಟಲಿ ಕೊಡುವ ಕೈಯೇ ನಾಳೆ ಅಂಕ ಕೇಳುವ ಕೈ ಎಂದು ಅದರಲ್ಲಿ ಬರೆದಿದ್ದೆ. ಅದು ಸುಳ್ಳೆಂದು ಇವತ್ತಿಗೂ ಒಪ್ಪುವುದಿಲ್ಲ. ಮದ್ಯವನ್ನು ಯಾರೂ ಲಂಚ ಅನ್ನುವುದಿಲ್ಲ, ಅದೇ ಅದರ ಅಪಾಯ. ನೋಟು ಕೊಡುವಾಗ ಕೈ ನಡುಗುತ್ತದೆ. ಬಾಟಲಿ ಕೊಡುವಾಗ ಇಬ್ಬರೂ ನಗುತ್ತಾರೆ.

ಮಾರನೆಯ ದಿನ ಚಹಾ ಕೋಣೆಯಲ್ಲಿ ಎಲ್ಲರ ಮುಂದೆ, ಅದನ್ನು ಸಿಂಕಿಗೆ ಸುರಿದೆ ಅಂತ ನಿನಗೆ ಹೇಳಿದೆ. ನೀನು ಸಿಟ್ಟಾಗಲಿಲ್ಲ. "ಅಯ್ಯೋ ಪುಣ್ಯಾತ್ಗಿತ್ತಿ, ಆ ಸಿಂಕು ಹುಟ್ಟಿದಾಗಿಂದ ಬರೀ ಚಹಾದ ಚರಟ ಕುಡಿದಿತ್ತು. ಅದಕ್ಕಾದ್ರೂ ಒಂದಿನ ಸುಖ ಸಿಕ್ತಲ್ಲ" ಅಂತ ನಗಿಸಿದೆ. ಆಮೇಲೊಮ್ಮೆ ನೀನು ರಜೆ ಚೀಟಿಗೆ ಸಹಿ ಹಾಕಿಸಲು ಮುಖ್ಯಸ್ಥರ ಕೋಣೆಗೆ ಹೋದವಳು ನಗು ತಡೆಯಲಾರದೆ ಓಡಿ ಬಂದೆ. "ಕರಪತ್ರಮ್ಮಾ, ಅವರ ಕಪಾಟಲ್ಲೂ ಒಂದು ನೀಲಿ ಕುತ್ತಿಗೆ ಕೂತಿದೆ ಕಣೇ! ಯಾರೋ ಬಡಪಾಯಿ ನಾನು ಕೊಂಡ ಅಂಗಡಿಗೇ ಹೋಗಿದ್ದಾನೆ." ನಾನೂ ನಕ್ಕೆ.

ಅದಾದ ಮೇಲೆ ಒಂದು ಸಂಶೋಧನಾ ಪತ್ರಿಕೆಯಿಂದ ನನಗೆ ಪೇಪರೊಂದು ಪರಿಶೀಲನೆಗೆ ಬಂತು. ಎಂದಿನಂತೆ ಬರೆದವರ ಹೆಸರು ತೆಗೆದಿದ್ದರು. ಓದುವವರ ಹೆಸರೂ ಬರೆದವರಿಗೆ ತಿಳಿಯುವುದಿಲ್ಲ. ಎರಡನೇ ಪುಟದಲ್ಲೇ ನನಗೆ ಗೊತ್ತಾಯಿತು. ಬಾಗಿಲು ಮುಚ್ಚಿದೆ ಎಂದ ಮಾತ್ರಕ್ಕೆ ಒಳಗೆ ಜೀವವಿಲ್ಲ ಎನ್ನಲಾಗದು ಅಂತ ಬಸವನಹುಳದ ಬಗ್ಗೆ ಇನ್ಯಾರು ಬರೆಯುತ್ತಾರೆ ಅಕ್ಕಾ? ಬರೆದವರು ನನಗೆ ಗೊತ್ತು, ಬೇರೆಯವರಿಗೆ ಕೊಡಿ ಎಂದು ಸಂಪಾದಕರಿಗೆ ಆಗಲೇ ವಾಪಸ್ ಕಳಿಸಬೇಕಿತ್ತು. ಒಂದು ಸಾಲಿನ ಕೆಲಸ. ಕಳಿಸಲಿಲ್ಲ. ಒಡಹುಟ್ಟಿದವಳಂತಿರುವ ನಿನ್ನ ಕೆಲಸವನ್ನೂ ತಕ್ಕಡಿ ಅಲುಗದಂತೆ ತೂಗಬಲ್ಲೆ ಎಂಬ ಸೊಕ್ಕು.

ತಕ್ಕಡಿ ಅಲುಗಿತು, ನಿನ್ನ ಕಡೆಗಲ್ಲ. ಹೊಗಳಿದರೆ ಪಕ್ಷಪಾತವಾದೀತೆಂದು ಅಂಜಿ, ಚೆನ್ನಾಗಿದ್ದ ಕಡೆಯಲ್ಲೆಲ್ಲ ಹುಳುಕು ಹುಡುಕಿದೆ. ಹುಳಗಳ ಸಂಖ್ಯೆ ಸಾಲದು ಎಂದೆ. ನೀರು ಚಿಮುಕಿಸಿದ ಕ್ರಮ ಸ್ಪಷ್ಟವಿಲ್ಲ ಎಂದು ಬರೆದೆ. ನೀನು ಜ್ವರ ಬಂದು ಮಲಗಿದ್ದಾಗ ಅವಕ್ಕೆ ನೀರು ಚಿಮುಕಿಸಿದ್ದು ಯಾರು? ಇದೇ ಕೈ. ಕೊನೆಗೆ ಪ್ರಕಟಣೆಗೆ ಯೋಗ್ಯವಲ್ಲ ಎಂದು ಬರೆದು, ಎದೆಯುಬ್ಬಿಸಿಕೊಂಡು ಮನೆಗೆ ಹೋದೆ.

ಹೌದಕ್ಕಾ, ನಿನ್ನ ಪೇಪರನ್ನು ಕೊಂದವಳು ನಾನೇ.

ಆ ಟಿಪ್ಪಣಿಯನ್ನು ನೀನು ಚಹಾ ಕೋಣೆಯಲ್ಲಿ ನಾಟಕದ ದನಿಯಲ್ಲಿ ಓದಿದ್ದು ನೆನಪಿದೆಯಾ? "ಈ ಮಹಾನುಭಾವ ಬಸವನಹುಳಾನ ಪುಸ್ತಕದಲ್ಲಿ ಬಿಟ್ಟು ಬೇರೆಲ್ಲೂ ನೋಡಿಲ್ಲ" ಅಂದಾಗ ಎಲ್ಲರೂ ನಕ್ಕರು. ನಾನು ಲೋಟದೊಳಗೆ ಮುಖ ಹುದುಗಿಸಿದ್ದೆ. ನಿನ್ನ ಸಲುವಾಗಿ ನಾನು ಸಂಕಟಪಡುತ್ತಿದ್ದೇನೆ ಅಂದುಕೊಂಡ ನೀನು, "ಬಿಡೇ, ಪಾಪ, ಅವನಿಗೂ ಅವತ್ತು ತಲೆನೋವಿತ್ತೇನೋ" ಅಂತ ನನಗೇ ಸಮಾಧಾನ ಹೇಳಿ ಬಿಸ್ಕತ್ತು ಕೊಟ್ಟೆ. ನಾನು ಅದನ್ನು ಚಹಾಕ್ಕೆ ಅದ್ದಿ ತಿಂದೂಬಿಟ್ಟೆ.

ನಮ್ಮಿಬ್ಬರ ಗುತ್ತಿಗೆಯೂ ಒಟ್ಟಿಗೇ ಮುಗಿಯುವುದಿತ್ತು, ಉಳಿದಿದ್ದು ಒಂದೇ ಹುದ್ದೆ. ಆ ಪೇಪರ್ ಕೈಯಲ್ಲಿದ್ದಿದ್ದರೆ ಅದು ನಿನ್ನದೇ ಆಗುತ್ತಿತ್ತು. ಈಗ ನೀನು ಔಷಧಿ ಗೋದಾಮಿನಲ್ಲಿ ಪೆಟ್ಟಿಗೆಗಳಿಗೆ ಚೀಟಿ ಅಂಟಿಸುತ್ತಿದ್ದೀಯ. ನನ್ನ ಗುತ್ತಿಗೆ ಮುಂದುವರಿಯಿತು.

ನಿನ್ನೆ ಸಂಪಾದಕರಿಗೆ ಎಲ್ಲವನ್ನೂ ತಿಳಿಸಿದೆ. ನನ್ನ ಟಿಪ್ಪಣಿ ರದ್ದು ಮಾಡಿ ಬೇರೆಯವರಿಂದ ಓದಿಸುತ್ತಾರಂತೆ. ನನಗೆ ಇನ್ನು ಯಾವ ಪೇಪರೂ ಬರುವುದಿಲ್ಲ, ಬರಲೂಬಾರದು. ನಿನ್ನದನ್ನು ಒಂದಕ್ಷರವೂ ತಿದ್ದದೆ ಮತ್ತೆ ಕಳಿಸು. ನೀರಿನ ಕ್ರಮ ಸ್ಪಷ್ಟವಾಗಿಯೇ ಇದೆ.

ಕ್ಷಮಿಸು ಎನ್ನಲು ಮುಖವಿಲ್ಲದ,
ನಿನ್ನ ಕರಪತ್ರ

ತಾ.ಕ.: ಬರೆದದ್ದನ್ನು ಓದಿಕೊಂಡೆ. ತತ್ವದ ಹುಚ್ಚಿನಲ್ಲಿ ಎಡವಿದ ಹುಡುಗಿಯ ಪತ್ರದಂತಿದೆ. ಅದೂ ಒಂದು ವೇಷವೇ. ಆ ಬಾಟಲಿಯನ್ನು ನಾನು ಸಿಂಕಿಗೆ ಸುರಿಯಲಿಲ್ಲ ಅಕ್ಕಾ. ಗುತ್ತಿಗೆಯ ಮಾತೆದ್ದಾಗ ಚೀಲದಲ್ಲಿಟ್ಟುಕೊಂಡು ಹೋಗಿ, ನನ್ನ ಹೆಸರಿನಲ್ಲಿ ಮುಖ್ಯಸ್ಥರಿಗೆ ಕೊಟ್ಟೆ. ನೀನು ಕಪಾಟಿನಲ್ಲಿ ಕಂಡದ್ದು ನಿನ್ನದೇ ಬಾಟಲಿ. ಆ ಬಡಪಾಯಿ ನಾನು. ತಾನು ಕಳ್ಳ, ಪರರ ನಂಬ ಅಂತಾರಲ್ಲ. ಹಾಗೆ ಬಾಟಲಿ ಕೊಟ್ಟು ಬಂದ ನಾನು, ನಿನ್ನ ಪೇಪರ್ ಕೈಗೆ ಬಂದಾಗ ನನ್ನನ್ನೇ ನಂಬಲಿಲ್ಲ. ನಾಳೆ ಬೆಳಿಗ್ಗೆ ಅವರ ಕೋಣೆಗೆ ಹೋಗಿ, ಬಾಗಿಲು ತೆರೆದಿಟ್ಟು, ಎಲ್ಲರಿಗೂ ಕೇಳುವಂತೆ ಅದನ್ನು ವಾಪಸ್ ಕೇಳುತ್ತೇನೆ. ಅರಗು ಒಡೆದಿದ್ದರೂ ಸರಿ. ಕೆಲಸ ಹೋದರೆ ಹುಳಗಳ ಪೆಟ್ಟಿಗೆ ಹೊತ್ತುಕೊಂಡು ನಿನ್ನ ಮನೆಗೆ ಬರುತ್ತೇನೆ. ಬಾಗಿಲು ತೆಗೆಯದಿದ್ದರೆ ಮೆಟ್ಟಿಲ ಮೇಲಿಟ್ಟು ಹೋಗುತ್ತೇನೆ. ಬೆಳಿಗ್ಗೆ ನೀರು ಚಿಮುಕಿಸುವುದನ್ನು ಮಾತ್ರ ಮರೆಯಬೇಡ.