ಅಡಿಗೆಮನೆಯ ಅಕ್ಕೋರು

೪ ಜುಲೈ ೧೯೩೪, ಸಂಜೆ

ರೊಟ್ಟಿ ಬಡಿಯುತ್ತ ಇಂದೂ ಮನೆಪಾಠದ ಮಕ್ಕಳಿಂದ ಔಟಕಿ ಒಪ್ಪಿಸಿಕೊಂಡೆ. ಈ ಮೂರೂವರೆಯ ಮಗ್ಗಿ ಎಂದರೆ ಶಾಬುದ್ದೀನನಿಗೆ ಹೊಟ್ಟೆನೋವು. ಮಾಳವ್ವ ಮಾತ್ರ ಪಟಪಟ. ಜಾಣೆ ಹುಡುಗಿ.

ಇವರು ಪಡಸಾಲೆಯಲ್ಲಿ ಕೂತು ಇಂಗ್ಲಿಷ್ ಹೇಳಿಕೊಡುತ್ತಾರೆ. ಲೆಕ್ಕವೋ ಮ್ಯಾಪೋ ಬಂತೆಂದರೆ, “ಒಳಗ ಹೋಗಿ ನೀರು ಕುಡದು ಬರ್ರಿ” ಅನ್ನುತ್ತಾರೆ. ಮಕ್ಕಳು ಒಲೆಯ ಮುಂದೆ ಕೂತು ನನ್ನಿಂದ ಹೇಳಿಸಿಕೊಂಡು ಹೋಗುತ್ತಾರೆ. ಓಣಿಯಲ್ಲೆಲ್ಲ ಮಾಸ್ತರ ಶಿಕವಣಿ ಅಂದರೆ ಶಿಕವಣಿ, ಪಾಠ ಅಂದರೆ ಪಾಠ ಅಂತ ಹೊಗಳಿಕೆ. ಅನ್ನಲಿ, ನಮ್ಮ ಮನೆಯದೇ ಹೆಸರು. ಮಕ್ಕಳು ನನಗೆ “ಅಕ್ಕೋರ” ಅನ್ನುತ್ತಾರೆ, ಶಾಲೆಯಲ್ಲಿ ಕಲಿಸುವ ಹೆಂಗಸಿಗೆ ಅಂದ ಹಾಗೇ. ಅದಕ್ಕೇ ಹಿಗ್ಗು.

೧೧ ಜುಲೈ

ಓಣಿಯ ಹೊಸ ಹೆಣ್ಣುಮಕ್ಕಳ ಶಾಲೆಗೆ ಅಕ್ಕೋರು ಬೇಕಂತೆ! ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದವರೇ ಆಗಬೇಕಂತೆ. ತವರೂರು ಶಿರಗುಪ್ಪಿಯಲ್ಲಿ ಅಪ್ಪನ ಕೈಯಲ್ಲಿ ಕಲಿತು ನಾನೂ ಮುಲ್ಕಿ ಪಾಸಾದವಳೇ. ನಾಚಿಕೆ ಬಿಟ್ಟು, ಆ ಕೆಲಸಕ್ಕೆ ನಾನು ಹೋಗಲೇ ಅಂತ ಇವರನ್ನು ಕೇಳಿದೆ.

“ಸಾಲಿ ಕಮಿಟಿಯ ಗುರುಶಿದ್ದಪ್ಪನವರು ನಮ್ಮ ಮನಿಗೇ ಬರ್ತಾರ. ನೀ ನಡುವ ಬಾಯಿ ಹಾಕಬ್ಯಾಡ. ನಾ ಮಾತಾಡ್ತೇನಿ.”

“ಖರೇ ಏನ್ರಿ?”

“ನಿನ್ನ ಆಣಿ.”

ಮದುವೆಯಾದಾಗಿನಿಂದ ನಾನಾಗಿ ಕೇಳಿದ್ದು ಇದೊಂದೇ.

೨೨ ಜುಲೈ

ಬಂದರು. ಚಹಾ ಕುಡಿದರು. ಮಕ್ಕಳ ಔಟಕಿ ಕೇಳಿ ಗುರುಶಿದ್ದಪ್ಪನವರು ಬೆರಗಾದರು. “ಭಾಳ ಛಲೋ ಕಲಿಸೀರಿ ಮಾಸ್ತರ!” ಇವರು ಮುಗುಳುನಕ್ಕರು.

ನಾನು ಬಾಗಿಲ ಮರೆಯಲ್ಲಿ.

“ನಿಮ್ಮ ದೇವಕ್ಕನವರು ಮುಲ್ಕಿ ಆಗ್ಯಾರಂತಲ್ಲ?”

“ಹಿಂದ ಯಾವಾಗೋ ಆಗಿತ್ರಿ. ಈಗ ಎಲ್ಲಾ ಮರತಾಳ. ಅಗಸರ ಬಟ್ಟಿ ಲೆಕ್ಕಾ ಸೈತ ನಾನ ನೋಡಬೇಕು.”

ಗುರುಶಿದ್ದಪ್ಪನವರು ಬಾಗಿಲ ಕಡೆ ತಿರುಗಿದರು. “ಹೌದೇನವಾ?”

ಗಂಡನ ಮಾತಿಗೆ ನಾಲ್ಕು ಜನರೆದುರು ಅಲ್ಲ ಅನ್ನಬಾರದು, ಅವ್ವ ಕಲಿಸಿದ್ದು. ಸುಮ್ಮನಿದ್ದೆ. ಅದನ್ನೇ ಹೌದು ಅಂತ ತಿಳಿದು ಎದ್ದು ಹೋದರು. ಥೂ ನನ್ನ ಬಾಯಿಗೆ!

೨೩ ಜುಲೈ

ಕೇಳಿಯೇಬಿಟ್ಟೆ. ಯಾಕೆ ಹಾಗೆ ಅಂದಿರಿ?

ಊಟದ ಗಂಗಾಳದಿಂದ ತಲೆ ಎತ್ತಲಿಲ್ಲ. “ನೀ ಸಾಲಿಗೆ ಹೋದ್ರ ಇಲ್ಲಿ ಹುಡುಗರಿಗೆ ಲೆಕ್ಕಾ ಯಾರು ಹೇಳೂರು? ನನ್ನ ಮರ್ಯಾದಿ ಏನಾಗಬೇಕು?”

ಮರ್ಯಾದೆಯಂತೆ! ನಂಬಿಸಿ ಕುತ್ತಿಗೆ ಕೊಯ್ದರು. ಹೊರಗಿನವರಲ್ಲ, ಆಣೆ ಇಟ್ಟವರು… ಸಾರು ಇನ್ನಷ್ಟು ಬೇಕು ಅಂದರು. ಬಡಿಸಿದೆ.

೬ ಆಗಸ್ಟ್, ಸಂಜೆ

ಹುಬ್ಬಳ್ಳಿಯಿಂದ ಯಾರೋ ಅಕ್ಕೋರನ್ನು ತಂದು ಶಾಲೆ ಸುರು ಮಾಡಿದರು.

ಮಾಳವ್ವ ಪಾಟಿ ಹಿಡಿದು ಒಳಗೆ ಬಂದಳು. ಅಕ್ಕಿ-ಬೇಳೆಯ ಲೆಕ್ಕ. ನೋಡಿದ ಕೂಡಲೇ ಉತ್ತರ ಹೊಳೆಯಿತು. ಪಡಸಾಲೆಗೆ ಕೇಳುವಂತೆ ಅಂದೆ: “ನಿಮ್ಮ ಮಾಸ್ತರನ್ನ ಕೇಳು. ನಾ ಎಲ್ಲಾ ಮರತೇನಿ.”

ಹೊರಗೆ ಇಂಗ್ಲಿಷ್ ಪಾಠ ಗಪ್ಪನೆ ನಿಂತಿತು. ಆಹಾ, ಹೊಟ್ಟೆ ತಣ್ಣಗಾಯಿತು.

ಹುಡುಗಿ ಕದಲಲಿಲ್ಲ. ಕಣ್ಣು ತುಂಬಿಕೊಂಡಿದ್ದವು. “ನೀವು ಕಲಿಸಾಕ ಬರ್ತೀರಂತ ಅಪ್ಪನ ಕಾಲು ಹಿಡದು ಹೊಸಾ ಸಾಲಿಗೆ ಹೆಸರು ಹಚ್ಚಿಸಿದೆ. ಅಲ್ಲಿ ನೀವಿಲ್ಲ. ಇಲ್ಲೂ ಹೇಳೂದಿಲ್ಲ ಅಂತೀರಿ. ನಾ ಏನು ಮಾಡೇನ್ರಿ ಅಕ್ಕೋರ?”

ನನಗೆ ಮಾಡಿದ್ದನ್ನೇ ನಾನು ಇವಳಿಗೆ…

ಪಾಟಿ ಇಸಕೊಂಡೆ. ಒಲೆಯ ಮುಂದೆ ಕೂಡಲಿಲ್ಲ. ಅವಳ ಕೈ ಹಿಡಿದು ಪಡಸಾಲೆಗೆ ಹೋದೆ. ಇವರು ನೋಡುತ್ತಲೇ ಇದ್ದರು. ಇವರ ಎದುರಿಗೇ ಚಾಪೆಯ ಮೇಲೆ ಕೂತು, ಎಲ್ಲ ಮಕ್ಕಳನ್ನೂ ಈ ಕಡೆ ತಿರುಗಿರಿ ಅಂದು, ಗಟ್ಟಿಯಾಗಿ ಆ ಲೆಕ್ಕವನ್ನು ಬಿಡಿಸಿ ಹೇಳಿಕೊಟ್ಟೆ.