ಮೂರನೇ ಕಿಟಕಿಯಾಚೆ ಸಿಕ್ಕಿಕೊಂಡಿರುವ ಕಾಕಾನ ಬಿಡುಗಡೆ

ಸಾಂಗ್ಲಿ ನ್ಯಾಯಾಲಯದ ದಾಖಲೆ ಕೋಣೆಯ ಮಾನ್ಯ ಅಧಿಕಾರಿಗಳೇ,

ಇಪ್ಪತ್ತನಾಲ್ಕು ವರ್ಷಗಳ ಹಿಂದೆ ನಿಮ್ಮ ನ್ಯಾಯಾಲಯ ಒಬ್ಬ ಮನುಷ್ಯನನ್ನು ನಿರ್ದೋಷಿಯೆಂದು ಬಿಟ್ಟಿತು. ಹಾಗೆಂದು ಬರೆದ ಕಾಗದದ ನಕಲನ್ನು ನೀವು ಅವನಿಗೆ ಕೊಡುತ್ತಿಲ್ಲ. ಅದಿಲ್ಲದ ಕಾರಣಕ್ಕೆ ಬರುವ ಗುರುವಾರ ಅವನು ಅಪರಾಧಿಯ ಹಾಗೆ ತಾಲೂಕು ದಂಡಾಧಿಕಾರಿಗಳ ಮುಂದೆ ನಿಂತು ಸನ್ನಡತೆಯ ಬಂಧಪತ್ರಕ್ಕೆ ಸಹಿ ಹಾಕಬೇಕು. ಇದು ಅನ್ಯಾಯ. ಇದಕ್ಕಿಂತ ಮೆತ್ತಗಿನ ಶಬ್ದ ನನಗೆ ಸಿಗಲಿಲ್ಲ, ನಾನು ಹುಡುಕಲೂ ಇಲ್ಲ.

ಮರಾಠಿಯಲ್ಲಿ ನಿಮಗೆ ನಾಲ್ಕು ಅರ್ಜಿ ಕೊಟ್ಟಿದ್ದೇನೆ. ಐದನೆಯದನ್ನು ಕನ್ನಡದಲ್ಲಿ, ಪತ್ರಿಕೆಯಲ್ಲಿ, ಎಲ್ಲರೆದುರು ಬರೆಯುತ್ತಿದ್ದೇನೆ. ಯಾರ ಬಗ್ಗೆ ಬರೆದಿದ್ದೇನೋ ಆ ಮನುಷ್ಯನಿಗೆ ಇದನ್ನು ಓದಿ ಹೇಳಿದರೆ ಪೂರ್ತಿ ತಿಳಿಯಬೇಕು. ನಿಮಗೆ ತಿಳಿಯದಿದ್ದರೆ ನಿಮ್ಮ ಕಚೇರಿಯಲ್ಲಿ ಕನ್ನಡ ಬಲ್ಲವರಿದ್ದಾರೆ, ನಾನೇ ಅವರ ಜೊತೆ ಮಾತಾಡಿದ್ದೇನೆ.

ಆ ಮನುಷ್ಯ ಲಿಂಗನೂರಿನ ಸತ್ಯಪ್ಪ, ನನ್ನ ಕಾಕಾ. ಇನ್ನೂರು ಕುರಿ ಕಾಯುತ್ತಾರೆ. ದೀಪಾವಳಿ ಮುಗಿದ ಮೇಲೆ ಹಿಂಡು ಹೊರಡುತ್ತದೆ. ಗೊಬ್ಬರ ಬೇಕಾದ ರೈತರು ಕರೆದು ಹೊಲದಲ್ಲಿ ಹಿಂಡು ತಂಗಿಸಿಕೊಳ್ಳುತ್ತಾರೆ, ಎರಡು ಮೂರು ದಿನ ಒಂದು ಹೊಲ, ಆಮೇಲೆ ಮುಂದಿನ ಊರು. ೧೯೯೯ರ ಚಳಿಗಾಲದಲ್ಲಿ ಹಿಂಡು ಮಾಲಗಾಂವದ ದಾದಾಸಾಹೇಬ ಎಂಬ ರೈತರ ದ್ರಾಕ್ಷಿ ತೋಟದ ಬದಿಯಲ್ಲಿತ್ತು. ಹಿಂಡು ಹೊರಟ ಮರುದಿನ ಬಾವಿಯ ಮೋಟರು ಕಾಣಲಿಲ್ಲ. ಹೊರಗಿನವರು ಯಾರು ಬಂದಿದ್ದರು ಎಂದು ಪೊಲೀಸರು ಕೇಳಿದರು, ಕುರಿಯವರು ಎಂದು ದಾದಾಸಾಹೇಬ ಹೇಳಿದರು. ಅಷ್ಟು ಸಾಕಾಯಿತು, ಕಾಕಾನ ಮೇಲೆ ಕಳವಿನ ಪ್ರಕರಣ ಬಿತ್ತು. ಮೋಟರಿನ ತೂಕವೆಷ್ಟು, ಅದನ್ನು ಯಾವ ಕುರಿಯ ಬೆನ್ನ ಮೇಲೆ ಹೇರಿಕೊಂಡು ಹೋದರು ಎಂದು ಯಾರೂ ಕೇಳಲಿಲ್ಲ. ಮುಂದೆ ಅದೇ ಮೋಟರು ಬೇರೆ ಊರಲ್ಲಿ, ಬೇರೆಯವರ ಬಳಿ ಸಿಕ್ಕಿತು. ಕಟಕಟೆಯಲ್ಲಿ ದಾದಾಸಾಹೇಬರು, ನಾನು ಯಾರನ್ನೂ ನೋಡಿಲ್ಲ, ಹಿಂಡು ಇತ್ತು ಎಂದಷ್ಟೇ ಹೇಳಿದ್ದೆ ಎಂದರು. ಕಾಕಾ ಬಿಡುಗಡೆಯಾದರು. ವಕೀಲರು ತೀರ್ಪಿನ ನಕಲನ್ನು ಕೈಗೆ ಕೊಟ್ಟರು.

ಇನ್ನು ನಮ್ಮ ತಪ್ಪನ್ನೂ ಹೇಳಿಬಿಡುತ್ತೇನೆ, ಮುಚ್ಚಿಡುವುದಿಲ್ಲ. ಹಿಂಡಿನಲ್ಲಿ ಒಂದು ಕುರಿಗೆ ರೋಗ ಬಂದರೆ ನಮ್ಮ ಮನೆಯಲ್ಲಿ ಅದರ ಕೊರಳಿಗೆ ಕರಿದಾರ ಕಟ್ಟುತ್ತಾರೆ. ಗುಣವಾದ ದಿನ ದಾರ ಬಿಚ್ಚಿ, ಭಂಡಾರದ ಅರಿಶಿನ ಹಚ್ಚಿ, ಹರಿಯುವ ನೀರಿಗೆ ಬಿಡುತ್ತಾರೆ. ಕೋರ್ಟಿನಿಂದ ಬಂದ ಕಾಗದವನ್ನು ಕಾಕಾನ ಹೆಂಡತಿ ಹಣಮವ್ವ ಕಾಕು ಹಾಗೆಯೇ ಸಾಂಗ್ಲಿಗೆ ಒಯ್ದು, ಅರಿಶಿನ ಹಚ್ಚಿ, ಕೃಷ್ಣೆಗೆ ಬಿಟ್ಟರು. ಹೋದ ತಿಂಗಳು ಈ ಸಂಗತಿ ಗೊತ್ತಾದಾಗ ನಾನು ಕಿರುಚಿಬಿಟ್ಟೆ. ಕಾಕು ನನ್ನನ್ನೇ ಗದರಿಸಿದರು.

"ಪೀಡಾ ಹೋಗಿಂದ ಅದರ ದಾರ ಕೊರಳಾಗ ಕಟ್ಕೊಂಡ ಕುಂದರತಾರೇನ? ಜಡ್ಜ್ ಸಾಹೇಬ್ರು ಮುಗೀತು ಅಂದ್ರು. ನಾನೂ ಮುಗೀತು ಅಂದ್ನಿ. ಇದರಾಗ ನಂದೇನ ತಪ್ಪೈತಿ, ಹೇಳ ನೀ ಶಾಣ್ಯಾಕಿ!"

ಆ ಪ್ರಶ್ನೆಯನ್ನು ನಿಮಗೇ ದಾಟಿಸುತ್ತೇನೆ. ಮಾನ್ಯರೇ, ನಿಮ್ಮ ಬಳಿ ಉತ್ತರ ಇದೆಯೇ? ನ್ಯಾಯಾಧೀಶರ ಮಾತನ್ನು ಆ ಹೆಂಗಸು ನಂಬಿದ್ದಳು. ಇಡೀ ಜಿಲ್ಲೆಯಲ್ಲಿ ನಿಮ್ಮ ನ್ಯಾಯಾಲಯದ ಮೇಲೆ ಅಷ್ಟು ಭಕ್ತಿ ಇಟ್ಟವರು ಇನ್ನೊಬ್ಬರಿದ್ದರೆ ತೋರಿಸಿ.

ಠಾಣೆ ಮಾತ್ರ ನಂಬಲಿಲ್ಲ. ಅಲ್ಲಿನ ಹಳೆಯ ಪುಸ್ತಕದಲ್ಲಿ ಕಾಕಾನ ಹೆಸರು 'ಆರೋಪಿ' ಎಂದೇ ಉಳಿದಿದೆ. ಪ್ರತಿ ಚುನಾವಣೆ ಬಂದಾಗ ಕರೆಸುತ್ತಾರೆ, ಕೂರಿಸುತ್ತಾರೆ, ಸಹಿ ಹಾಕಿಸಿಕೊಂಡು ಕಳಿಸುತ್ತಾರೆ. ಈ ಸಲ ಬರೀ ಸಹಿ ಸಾಲದಂತೆ. ಆರು ತಿಂಗಳ ಬಂಧಪತ್ರ, ಪ್ರತಿ ಸೋಮವಾರ ಠಾಣೆಯಲ್ಲಿ ಹಾಜರಿ. ಮೂರು ದಿನಕ್ಕೊಮ್ಮೆ ಊರು ಬದಲಿಸುವ ಹಿಂಡನ್ನು ಸೋಮವಾರಕ್ಕೊಮ್ಮೆ ಠಾಣೆಗೆ ಕರೆತರುವುದು ಹೇಗೆ? ದೀಪಾವಳಿ ಕಳೆದು ಏಳು ವಾರವಾಯಿತು. ಊರಿನ ಉಳಿದ ಹಿಂಡುಗಳೆಲ್ಲ ಹೋಗಿವೆ. ನಮ್ಮ ಕುರಿಗಳು ಲಿಂಗನೂರಿನ ಸುತ್ತ ಮೇಯ್ದದ್ದನ್ನೇ ಮೇಯುತ್ತಿವೆ. ಗುರುವಾರ ಆ ಬಂಧಪತ್ರಕ್ಕೆ ಸಹಿ ಬಿದ್ದರೆ ಕಾಕಾ ಹಿಂಡನ್ನು ಮಾರಬೇಕು. ಅವರಿಗೆ ಬೇರೆ ಕೆಲಸ ಗೊತ್ತಿಲ್ಲ. ಠಾಣೆಯ ಹವಾಲ್ದಾರರು ದಯಾಳುಗಳು, ಅವರೇ ದಾರಿ ತೋರಿಸಿದರು: "ಬಿಡುಗಡೆ ಆಗೇತಿ ಅಂತ ಕೋರ್ಟಿನ ಕಾಗದ ತಾ, ಹೆಸರ ಹೊಡದ ಹಾಕತೇವಿ." ಹಾಗಾದರೆ ನಿಮ್ಮ ಪುಸ್ತಕದಲ್ಲಿರುವ ಪ್ರಕರಣದ ನಂಬರನ್ನಾದರೂ ಕೊಡಿ ಎಂದೆ. ಪುಸ್ತಕ ಗೋಪ್ಯವಂತೆ. ಕಾಕಾನನ್ನು ಕರೆಸುವಾಗ ಎಲ್ಲರೆದುರು ತೆರೆದುಕೊಳ್ಳುವ ಪುಸ್ತಕ, ಕಾಕಾ ಕೇಳಿದಾಗ ಗೋಪ್ಯವಾಗುತ್ತದೆ!

ಹೀಗೆ ನಿಮ್ಮ ಮೂರನೇ ಕಿಟಕಿಗೆ ಬಂದೆವು. ಅದಕ್ಕೂ ಮೊದಲು ಸಾಂಗ್ಲಿಯ ವಿಶ್ರಾಮಬಾಗದ ಒಂದು ಅಂಗಡಿಯ ಕಂಪ್ಯೂಟರಿನಲ್ಲಿ ಹೆಸರು ಹಾಕಿ ಹುಡುಕಿದ್ದೆ. ದಾಖಲೆ ಇಲ್ಲ ಎಂದಿತು. ಹಳೆಯ ಪ್ರಕರಣಗಳನ್ನು ಇನ್ನೂ ಅದರೊಳಗೆ ಹಾಕಿಲ್ಲವಂತೆ. ಕಿಟಕಿಯಲ್ಲಿ ನಿಮ್ಮ ಗುಮಾಸ್ತರು ಮರಾಠಿಯಲ್ಲಿ ಶುರುಮಾಡಿದವರು, ಕಾಕಾನ ತಲೆಯ ರುಮಾಲು ನೋಡಿ ಕನ್ನಡಕ್ಕೆ ಬಂದರು.

"ಕಾಕಾ, ನಂಬರ್ ಇಲ್ದ ಹೆಂಗ ಹುಡಕೂದು? ಒಳಗ ಬಂದ ನೋಡ್ರಿ, ಫೈಲ್ ಮಾಳಗಿಗೆ ಹತ್ಯಾವ."

"ನನ್ನ ಹಿಂಡಿನಾಗ ಇನ್ನೂರ ಕುರಿ ಅದಾವರಿ ಸಾಹೇಬ್ರ. ಒಂದಕ್ಕೂ ನಂಬರ್ ಹಾಕಿಲ್ಲ. ಒಂದ ತಪ್ಪಿದ್ರೂ ಗೊತ್ತಾಗತೈತಿ."

"ಹಂಗಾರ ನೀವ ಬಂದ ಈ ರೂಮ್ ಕಾಯ್ರಿ, ನಾ ಕುರಿ ಹಿಂದ ಹೊಕ್ಕೇನಿ!"

ಸಾಲಿನಲ್ಲಿದ್ದವರೆಲ್ಲ ನಕ್ಕರು. ಕಾಕಾ ಕೂಡ ನಕ್ಕರು. ನನಗೆ ನಗು ಬರಲಿಲ್ಲ. ನಂಬರು ತೀರ್ಪಿನಲ್ಲಿದೆ, ತೀರ್ಪು ನಿಮ್ಮ ಕಪಾಟಿನಲ್ಲಿದೆ, ಕಪಾಟು ತೆರೆಯಲು ನಂಬರು ಬೇಕು. ಇಂಥ ಬೀಗವನ್ನು ಮಾಡಿದವರು ಯಾರು? ಯಾರನ್ನು ಹೊರಗಿಡಲು ಮಾಡಿದರು? ಗುಮಾಸ್ತರ ಮೇಲೆ ನನಗೆ ಸಿಟ್ಟಿಲ್ಲ. ನೀವು ಅಚ್ಚು ಹಾಕಿಸಿದ ಅರ್ಜಿಯಲ್ಲಿ ನಂಬರಿನ ಮನೆ ಖಾಲಿ ಬಿಡುವಂತಿಲ್ಲ, ಅವರೇನು ಮಾಡುತ್ತಾರೆ?

ಕಾನೂನು ನೆರವು ಶಿಬಿರದಲ್ಲಿ ಪುಕ್ಕಟೆ ಹಂಚಿದ ಹದಿನಾರು ಪುಟದ ಪುಸ್ತಿಕೆಯೊಂದು ನನ್ನ ಬಳಿ ಇದೆ. ಮುಗಿದ ಪ್ರಕರಣಗಳನ್ನು ದಿನಾಂಕದ ಪ್ರಕಾರ ಬರೆದಿಡುವ ವಿಲೇವಾರಿ ವಹಿ ಇರುತ್ತದೆ ಎಂದು ಅದರ ಹನ್ನೊಂದನೇ ಪುಟ ಹೇಳುತ್ತದೆ. ಅಂದರೆ ತಾರೀಖು ಗೊತ್ತಾದರೆ ನಂಬರನ್ನು ನೀವೇ ಹುಡುಕಬಹುದು. ಆದರೆ ಕಾಕಾಗೆ ತಾರೀಖು ಯಾರು ಹೇಳಬೇಕು? ಅವರಿಗೆ ಹೊಲಗಳು ನೆನಪಿವೆ, ಮಳೆಗಳು ನೆನಪಿವೆ. ತಾರೀಖು ನೆನಪಿಟ್ಟಿದ್ದವರು ಅವರ ಮೇಲೆ ದೂರು ಕೊಟ್ಟವರು.

ಕ್ಷಮಾವಣಿಯ ದಿನ ಜೈನರು ಬಲ್ಲವರನ್ನೆಲ್ಲ ಕಂಡು, ತಿಳಿದೋ ತಿಳಿಯದೆಯೋ ನೋಯಿಸಿದ್ದಕ್ಕೆ ಕ್ಷಮೆ ಕೇಳುತ್ತಾರೆ. ಆ ದಿನ ದಾದಾಸಾಹೇಬರು ಪ್ರತಿವರ್ಷ ಮಾಲಗಾಂವದಿಂದ ಲಿಂಗನೂರಿಗೆ ಬಂದು ಕಾಕಾನ ಮುಂದೆ ಕೈಮುಗಿಯುತ್ತಾರೆ. ನಾನು ಸಣ್ಣವಳಿದ್ದಾಗಿನಿಂದ ನೋಡಿದ್ದೇನೆ. ಕಾಕಾ ಪ್ರತಿವರ್ಷ ನಾಚುತ್ತಾರೆ, ಕಾಕು ಪ್ರತಿವರ್ಷ ಚಹಾ ಮಾಡುತ್ತಾರೆ. ಇದು ಯಾವ ವರ್ಷ ಶುರುವಾಯಿತು ಎಂದು ನಾನು ಯಾವತ್ತೂ ಕೇಳಿರಲಿಲ್ಲ. ಹೋದ ವಾರ ಮಾಲಗಾಂವಕ್ಕೆ ಹೋಗಿ ಕೇಳಿದೆ.

"ತೀರ್ಪ ಆದ ದಿನಾನ ಅವ್ವಾ. ಆವತ್ತ ಕ್ಷಮಾವಣಿ ಇತ್ತು. ಕೋರ್ಟಿನ ಪಾವಟಿಗಿ ಮ್ಯಾಲ ನಿಂತ ಮೊದಲ ನಿಮ್ಮ ಕಾಕಾಗ ಕೈಮುಗದ್ನಿ, ಆಮ್ಯಾಲ ಬಸದಿಗೆ ಹೋದ್ನಿ. ನಮ್ಮ ತ್ರಿಶಲಾ ಹುಟ್ಟಿ ಹನ್ನೆರಡ ದಿನ ಆಗಿತ್ತು."

ಮಗಳ ಜನನ ಪ್ರಮಾಣಪತ್ರ ತೆಗೆದರು. ಬಸದಿಯ ಹಳೆಯ ಪಂಚಾಂಗ ನೋಡಿದೆವು. ೨೦೦೧ರ ಸೆಪ್ಟೆಂಬರ್ ಮೂರು, ಸೋಮವಾರ. ನಾನು ಸಂತೋಷದಿಂದ ಬಸ್ಸಿನಲ್ಲಿ ಕೂರಲಾರದೆ ನಿಂತೇ ನಿಮ್ಮ ಕಿಟಕಿಗೆ ಬಂದೆ. "ತಾರೀಖ ಸಿಕ್ತಲ್ಲ, ಛಲೋ ಆತು," ಎಂದರು ಗುಮಾಸ್ತರು. "ಇನ್ನ ನಂಬರ್ ತಗೊಂಡ ಬಾ." ನಾಲ್ಕನೇ ಅರ್ಜಿಯ ಮೇಲೂ ಅದೇ ಮೊಹರು ಬಿತ್ತು: ಅಪೂರ್ಣ.

ಮಾನ್ಯರೇ, ಯಾವುದು ಅಪೂರ್ಣ? ಆರೋಪಿ ಬಂದಿದ್ದಾನೆ. ತಾರೀಖು ಬಂದಿದೆ. ದೂರು ಕೊಟ್ಟವರೇ ಸಾಕ್ಷಿಗೆ ಸಿದ್ಧರಿದ್ದಾರೆ. ಕೋರ್ಟಿನಲ್ಲಿ ಆವತ್ತು ಗೋಡೆಗೆ ಯಾವ ಬಣ್ಣವಿತ್ತು ಎಂಬುದನ್ನೂ ಹೇಳಬಲ್ಲರು. ಮೊಹರು ಬಿದ್ದ ಅರ್ಜಿಯನ್ನು ತೋರಿಸಿದಾಗ ದಾದಾಸಾಹೇಬರು ಅದನ್ನು ಓದಿ, ಮಡಚಿ ನನ್ನ ಕೈಗಿಟ್ಟರು.

"ದೂರ ಕೊಡಾಕ ಹೋದಾಗ ನನಗ ಯಾರೂ ನಂಬರ್ ಕೇಳಲಿಲ್ಲವಾ. ಬರ್ರಿ, ಕುಂದ್ರಿ ಅಂದ್ರು. ತಾವಾ ನಂಬರ್ ಹಾಕ್ಕೊಂಡ್ರು."

ನನ್ನ ಬೇಡಿಕೆ ಸಣ್ಣದು. ೨೦೦೧ರ ಸೆಪ್ಟೆಂಬರಿನ ವಿಲೇವಾರಿ ವಹಿಯನ್ನು ನಮ್ಮೆದುರು ಮೇಜಿನ ಮೇಲೆ ತೆರೆಯಿರಿ. ಮೂರನೇ ತಾರೀಖಿನ ಪುಟದಲ್ಲಿ ಸತ್ಯಪ್ಪನ ಹೆಸರಿನ ಮುಂದೆ ಏನು ಬರೆದಿದೆಯೋ ಅದರ ದೃಢೀಕೃತ ನಕಲು ಕೊಡಿ. ಸತ್ಯಪ್ಪನ ಹೆಸರು ಅಲ್ಲಿಲ್ಲದಿದ್ದರೆ, ಹುಡುಕಿದೆವು, ಸಿಗಲಿಲ್ಲ ಎಂದು ಬರೆದುಕೊಡಿ. ಕಾಗದವೇ ನಾಶವಾಗಿದ್ದರೆ ಯಾವತ್ತು, ಯಾರ ಆದೇಶದಿಂದ ಎಂದು ಬರೆದು ಸಹಿ ಮಾಡಿ. ಅದನ್ನೇ ಗುರುವಾರ ದಂಡಾಧಿಕಾರಿಗಳ ಮುಂದಿಡುತ್ತೇವೆ. ಬರಿ ಮಾತಿನ ಉತ್ತರ ಬೇಡ. ಮಾತನ್ನು ನಂಬಿ ಒಮ್ಮೆ ಕಾಗದವನ್ನು ನದಿಗೆ ಬಿಟ್ಟವರು ನಾವು.

ಬರುವ ಸೋಮವಾರ ನಾವು ನಾಲ್ವರು ಬರುತ್ತೇವೆ. ಬಿಡುಗಡೆಯಾದವರು, ಆ ಕಾಗದವನ್ನು ನೀರಿಗೆ ಬಿಟ್ಟವರು, ದೂರು ಕೊಟ್ಟವರು, ಮತ್ತು ನಾನು. ಘೋಷಣೆ ಕೂಗುವುದಿಲ್ಲ, ಸಾಲಿನಲ್ಲೇ ನಿಲ್ಲುತ್ತೇವೆ. ಆದರೆ ಪುಟ ತೆರೆಯುವವರೆಗೆ ಸಾಲು ಬಿಡುವುದಿಲ್ಲ. ಈ ಸಲ ಚಹಾ ಬುತ್ತಿಯ ಜೊತೆಗೇ ಬರುತ್ತದೆ ಎಂದು ಕಾಕು ಹೇಳಿದ್ದಾರೆ. ನಿಮಗೂ ಒಂದು ಬಟ್ಟಲು ಇದೆ.

ಇಂತಿ,
ನಿಮ್ಮ ಕಚೇರಿಯಲ್ಲಿ 'ನಂಬರ್ ತರದ ಹುಡುಗಿ' ಎಂದಷ್ಟೇ ಗುರುತಿರುವ
ಯೋಗಿತಾ, ಲಿಂಗನೂರು

ಡಿಸೆಂಬರ್ ಹದಿನೈದು, ಸೋಮವಾರ, ಬೆಳಿಗ್ಗೆ ಹನ್ನೊಂದು ಗಂಟೆಗೆ, ಮೂರನೇ ಕಿಟಕಿಯಲ್ಲಿ.