ಮೊಟ್ಟೆಯಿಲ್ಲದ ಕಾರ್ಬೊನಾರಾ

೧೭ ನವೆಂಬರ್, ಭಾನುವಾರ ಮಧ್ಯಾಹ್ನ

ನನ್ನ ಗುಬ್ಬಿಗೆ,

ಅಮ್ಮನ ಮನಸಾರೆ ಆಶೀರ್ವಾದ. ನಿನ್ನ ಪತ್ರ ಬಂದು ಹತ್ತೊಂಬತ್ತು ದಿನವಾಯಿತು. ಕೈನೋವಿತ್ತು ಅಂತ ಸುಳ್ಳು ಹೇಳಬಹುದಿತ್ತು, ಬೇಡ. ಮೂರು ಸಲ ಬರೆದು ಮೂರು ಸಲವೂ ಹರಿದು ಹಾಕಿದೆ. ಈ ಎರಡು ಕೋಣೆಯ ಮನೆಯಲ್ಲಿ ನಿಮ್ಮಪ್ಪನ ಕಣ್ಣು ತಪ್ಪಿಸಿ ಬರೆಯುವುದೂ ಸುಲಭವಲ್ಲ. ಇವತ್ತು ನಮ್ಮ ಹೋಟೆಲಿಗೆ ರಜೆ, ಅವರು ದೊಡ್ಡ ಒಲೆಯ ಬರ್ನರ್ ರಿಪೇರಿಗೆ ಒಯ್ದಿದ್ದಾರೆ. ಅದಕ್ಕೇ ಕೂತೆ.

ಇಟಲಿಯ ಅಡುಗೆ ಶಾಲೆಯಲ್ಲಿ ನೀನು ಲಟ್ಟಿಸಿದ ಪಾಸ್ತಾ ಹಿಟ್ಟಿನ ಹಾಳೆಯನ್ನು ಟೀಚರಮ್ಮ ಬೆಳಕಿಗೆ ಹಿಡಿದು, "ಇದರ ಹಿಂದೆ ಪತ್ರಿಕೆ ಇಟ್ಟರೆ ಓದಬಹುದು" ಅಂದರಂತೆ! ಎಷ್ಟು ಹಿಗ್ಗಿದೆ ಗೊತ್ತಾ? ಬೀದಿಗೆಲ್ಲ ಹೇಳಿಕೊಂಡು ಬಂದೆ. ಎದುರಿನ ದರ್ಜಿಯವಳಿಗೆ ಎರಡು ಸಲ ಹೇಳಿದೆನಂತೆ, ಅವಳೇ ನೆನಪಿಸಿದಳು.

ಹಿಗ್ಗೆಲ್ಲ ಮೊದಲ ಪುಟಕ್ಕೇ ಮುಗಿಯಿತು. ಕಾರ್ಬೊನಾರಾ ಪಾಸ್ತಾ ಮಾಡಿ ಅಂದಾಗ ನೀನು ಅಪ್ಪ ಕಲಿಸಿದ ಹಾಗೆ ಕೆನೆ ಸುರಿದೆ, ಇಡೀ ತರಗತಿ ನಕ್ಕಿತು, ಟೀಚರಮ್ಮ "ಯಾರಿಗಮ್ಮ ಹುಷಾರಿಲ್ಲ? ಪಥ್ಯದ ಊಟ ಮಾಡಿದೀಯಲ್ಲ" ಅಂದರು. ಅಲ್ಲಿಂದ ನಿನ್ನ ಸಿಟ್ಟು ಶುರು. ಕಾರ್ಬೊನಾರಾ ಅಂದರೆ ಮೊಟ್ಟೆ, ಚೀಸು, ಮೆಣಸು, ಹಂದಿಯ ಕೆನ್ನೆಮಾಂಸ, ಅಷ್ಟೇ. ಸ್ಪಗೆಟ್ಟಿಯ ಮೇಲೆ ಮಾಂಸದುಂಡೆ ಕೂರಿಸುವುದು ಅಲ್ಲಿ ಯಾರಿಗೂ ಗೊತ್ತಿಲ್ಲ. ನಮ್ಮ ಬೆಳ್ಳುಳ್ಳಿ ಬ್ರೆಡ್ಡನ್ನು ಅಲ್ಲಿ ಕಂಡವರಿಲ್ಲ. ಕೊನೆಗೆ ನೀನು ಬರೆದೆ: "ಅಪ್ಪ ಇಟಲಿಯ ಹೆಸರು ಹೇಳಿ ಇಪ್ಪತ್ತೈದು ವರ್ಷ ಊರಿಗೆಲ್ಲ ಟೋಪಿ ಹಾಕಿದ್ದಾರೆ. ವಾಪಸ್ ಬಂದ ಮೇಲೆ ಆ ಅಡುಗೆಮನೆಗೆ ನಾನು ಕಾಲಿಡಲ್ಲ."

ನಿಮ್ಮಪ್ಪ ಅದನ್ನು ಒಲೆಯ ಮುಂದೆ ನಿಂತೇ ಓದಿದರು. ಮಾಂಸದುಂಡೆಯ ಹತ್ತಿರ ಬಂದಾಗ ಜೋರಾಗಿ ನಕ್ಕರು. "ಸರಿಯಾಗೇ ಹೇಳಿದಾಳೆ ಕಣೇ! ಬರೀ ಸ್ಪಗೆಟ್ಟಿ ಇಟ್ಟಿದ್ರೆ ಇಲ್ಲಿ ಯಾರು ಬರ್ತಿದ್ರು? ಉಂಡೆ ನಂದೇ ಕಿತಾಪತಿ." ಆಮೇಲೆ ಕೆನೆಯ ಸಾಲಿಗೆ ಮರಳಿ ಅದನ್ನೇ ಇನ್ನೊಮ್ಮೆ ಓದಿದರು. ಪತ್ರ ಮಡಚಿ ಏಪ್ರನ್ ಜೇಬಿಗೆ ಇಟ್ಟುಕೊಂಡರು, ಇನ್ನೂ ಅಲ್ಲೇ ಇದೆ.

ಮರುದಿನ ಬೆಳಿಗ್ಗೆ ಸ್ಟೂಲು ಹತ್ತಿ, ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಬರೆದಿದ್ದ 'ಅಸಲಿ ಇಟಾಲಿಯನ್ ಊಟ'ದಲ್ಲಿ 'ಅಸಲಿ'ಯನ್ನು ಒದ್ದೆ ಬಟ್ಟೆಯಿಂದ ಒರೆಸಿದರು. ಕಿಟಕಿ ಪಕ್ಕ ಕೂರುವ ಮೇಷ್ಟ್ರು ಸುಮ್ಮನಿರುವ ಆಸಾಮಿಯೇ? "ಏನ್ ಸ್ವಾಮಿ, ಅಸಲಿ ಎಲ್ಲಿ ಹೋಯ್ತು?" ಅಂದರು. "ಮಗಳು ತರ್ತಾಳೆ" ಅಂದರು ನಿಮ್ಮಪ್ಪ. ಆಮೇಲೆ ನನ್ನ ಹತ್ತಿರ, "ಬೀಗದ ಕೈ ಅವಳಿಗೇ ಕೊಡ್ತೀನಿ, ನಾನು ಈರುಳ್ಳಿ ಹೆಚ್ಕೊಂಡಿರ್ತೀನಿ. ಅವಳು ಒಳಗೆ ಬಂದ್ರೆ ಸಾಕು" ಅಂದರು. ಅವತ್ತು ರಾತ್ರಿಯೇ ನಿನಗೆ ಮೊದಲ ಸಲ ಬರೆಯಲು ಕೂತೆ.

ಗುಬ್ಬಿ, ನಿಮ್ಮಪ್ಪನಿಗೆ ಕಾರ್ಬೊನಾರಾ ಬರುತ್ತದೆ. ಹಡಗಿನ ಅಡುಗೆಮನೆಯಲ್ಲಿ ಆರು ವರ್ಷ ಅವರಿಗೆ ಕಲಿಸಿದ್ದು ಇಟಲಿಯ ಒಬ್ಬ ಮುದುಕ. ನಮ್ಮ ಮದುವೆಯಾದ ಹೊಸತರಲ್ಲಿ ನನ್ನ ಮುಂದೆ ಮಾಡಿ ತೋರಿಸಿದ್ದರು. ಬಾಣಲೆಯನ್ನು ಒಲೆಯಿಂದ ಇಳಿಸಿ, ಹತ್ತು ಎಣಿಸಿ, ಆಮೇಲೆ ಮೊಟ್ಟೆ ಸುರಿಯಬೇಕು. ಅವಸರ ಮಾಡಿದರೆ ಗಂಟುಗಂಟಾಗುತ್ತದೆ. ಅವರದು ಒಂದು ಸಲವೂ ಗಂಟಾಗಲಿಲ್ಲ. ಇಂಥ ಕೈಯಿರುವವನು ನನಗೆ ಸಿಕ್ಕನಲ್ಲ ಅಂತ ಬಾಯಿಬಿಟ್ಟುಕೊಂಡು ನೋಡುತ್ತಿದ್ದೆ. ಹೋಟೆಲು ತೆರೆದಾಗಲೂ ಹಾಗೇ ಮಾಡುತ್ತಿದ್ದರು.

ನಿನಗೆ ಎರಡು ವರ್ಷವಿದ್ದಾಗ ಮೊಟ್ಟೆ ಒಗ್ಗಲಿಲ್ಲ. ಒಂದು ತುತ್ತಿಗೆ ಮುಖ ಊದಿ, ಉಸಿರು ಸಿಕ್ಕಿಕೊಂಡು, ನೀನು ಎಂಟು ದಿನ ಆಸ್ಪತ್ರೆಯಲ್ಲಿದ್ದೆ. ನಿನ್ನನ್ನು ಮನೆಗೆ ಕರೆತಂದ ದಿನವೇ ಅವರು ಮೊಟ್ಟೆಯ ತಟ್ಟೆಗಳನ್ನೆಲ್ಲ ಹೋಟೆಲಿನಿಂದ ಆಚೆ ಹಾಕಿದರು. ನೀನೋ, ಹಿಟ್ಟಿನ ಡಬ್ಬದ ಮೇಲೆ ಕೂತು ಅದೇ ಬಾಣಲೆಗೆ ಬಾಯಿ ತೆರೆಯುತ್ತಿದ್ದೆ. ಅವರು ಇಪ್ಪತ್ತು ದಿನ ಕೆನೆ ಒಡೆಸಿಕೊಂಡು, ಚೆಲ್ಲಿ, ಮತ್ತೆ ಕಾಯಿಸಿ ಆ ಸಾಸು ಮಾಡಿದರು. ಇಪ್ಪತ್ತೊಂದನೇ ದಿನ ನೀನು ತಟ್ಟೆ ನೆಕ್ಕಿದೆ. "ಇದನ್ನ ಅಸಲಿ ಅಂತ ಬರೆಯೋದು ಸರೀನಾ?" ಅಂತ ನಾನು ಕೇಳಿದ್ದೆ. "ಬೇರೆ ಮಕ್ಕಳು ತಿನ್ನೋದು ಅಸಲಿ, ನನ್ನ ಮಗಳು ತಿನ್ನೋದು ನಕಲಿ ಅಂತ ಬರೀಲಾ?" ಅಂದರು.

ನಿನಗೆ ಎಂಟಾದಾಗ, ಇನ್ನು ಮೊಟ್ಟೆ ತಿನ್ನಬಹುದು ಅಂದರು ಡಾಕ್ಟರು. ಆದರೂ ನಮ್ಮಲ್ಲಿಗೆ ಮೊಟ್ಟೆ ಬರಲಿಲ್ಲ. ಅದನ್ನು ನೀನು ಅಪ್ಪನ ಹಠ ಅಂದುಕೊಂಡೆ, ನಾವೂ ಹಾಗೇ ಬಿಟ್ಟೆವು. ನಿಮ್ಮ ಟೀಚರಮ್ಮನಿಗೆ ಹೇಳು, ಅದು ಪಥ್ಯದ ಊಟವೇ. ಹುಷಾರಿಲ್ಲದಿದ್ದುದು ನಿನಗೇ.

ಚೆನ್ನಾಗಿ ಕಲಿ, ಹೊತ್ತುಹೊತ್ತಿಗೆ ಉಣ್ಣು. ನಿನ್ನ ಕೈಗೆ ಅಪ್ಪನ ಕೈಗುಣ ಬರಲಿ, ನಾಲಿಗೆಗೆ ಮಾತ್ರ ನನ್ನ ದುಡುಕು ಬಾರದಿರಲಿ.

ನಿನ್ನ ಅಮ್ಮ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯವಾಗಲಿಲ್ಲ. ಆ ತುತ್ತು ಕೊಟ್ಟವಳು ನಾನು. "ಬೇಡ ಕಣೇ, ಮೊನ್ನೆ ಅವಳ ತುಟಿ ಕೆಂಪಾಗಿತ್ತು, ಡಾಕ್ಟರನ್ನ ಕೇಳೋಣ" ಅಂತ ನಿಮ್ಮಪ್ಪ ಹೇಳಿದ್ದರು. "ನಿಮ್ಮದು ಯಾವಾಗಲೂ ಅತಿ" ಅಂದು, ಅವರು ನೀರು ಬಸಿಯಲು ತಿರುಗಿದಾಗ ಒಂದು ಚಮಚ ನಿನ್ನ ಬಾಯಿಗಿಟ್ಟೆ. ಆಸ್ಪತ್ರೆಯಲ್ಲಿ "ಯಾರು ಕೊಟ್ಟಿದ್ದು?" ಅಂತ ಕೇಳಿದರೆ, ನಾನು ಬಾಯಿ ತೆರೆಯುವ ಮೊದಲೇ ಅವರು "ನಾನೇ" ಅಂದುಬಿಟ್ಟರು. ಇವತ್ತಿನವರೆಗೆ ಒಂದು ದಿನವೂ ಎತ್ತಿ ಆಡಿಲ್ಲ. ನಿನಗೆ ವಾಸಿಯಾದ ಮೇಲೂ ಯಾಕೆ ಮೊಟ್ಟೆ ತರಲಿಲ್ಲ ಅಂತ ಹೋದ ವಾರ ಮೊದಲ ಸಲ ಕೇಳಿದೆ. ಈರುಳ್ಳಿಯಿಂದ ತಲೆಯೆತ್ತದೆ ಹೇಳಿದರು: "ಮೊಟ್ಟೆ ಕಂಡ್ರೆ ನಿನ್ನ ಕೈ ನಡುಗ್ತಿತ್ತಲ್ಲ."

ನೀನು ಬಂದ ದಿನ ಅವರಿಗೆ ಅಸಲಿ ಕಾರ್ಬೊನಾರಾ ಮಾಡಿ ಬಡಿಸು. ಮೊಟ್ಟೆ ನಾನು ಒಡೆದುಕೊಡುತ್ತೇನೆ.